ಮುಟ್ಟಲು ಹೆದರಿದ ವರ್ಷ

ಶೇಂಗಾ ಮಿಲ್ಲುಗಳು ಓಡತೊಡಗಿದ ಮೇಲೆ ಚಳ್ಳಕೆರೆಯ ಗಾಳಿಯೇ ಬೇರೆ. ಬಸ್ಸು ಊರೊಳಗೆ ಬರುವ ಮೊದಲೇ ಹಿಂಡಿದ ಕಾಯಿಯ ಬಿಸಿ ವಾಸನೆ ಕಿಟಕಿಯಿಂದ ನುಗ್ಗುತ್ತದೆ. ಮೊನ್ನೆ ಸ್ಟ್ಯಾಂಡಿನಲ್ಲಿ ಇಳಿಯುವಾಗ ಈ ವರ್ಷದ ಮೊದಲ ವಾಸನೆ ಮೂಗಿಗೆ ಬಡಿಯಿತು, ಕೈ ತಣ್ಣಗಾಯಿತು. ಆರು ವರ್ಷದಿಂದ ದಿನಾ ಇದೇ ಸ್ಟ್ಯಾಂಡಿನಲ್ಲಿ ಇಳಿಯುತ್ತಿದ್ದೇನೆ. ಆದರೂ ಕಾಯಿ ಸೀಸನ್ನಿನ ಮೊದಲ ದಿನ ಹೀಗೆ ಆಗದೆ ಬಿಟ್ಟಿಲ್ಲ. ಆ ಮೊದಲ ವರ್ಷದ್ದೆಲ್ಲ ಒಮ್ಮೆಲೇ ನೆನಪಾಗುತ್ತದೆ. ಈ ಸಲ ಬರೆದಿಟ್ಟುಬಿಡೋಣ ಅನ್ನಿಸಿತು. ಬರೆಯುವುದೆಂದರೆ ನಾನು ಫೋನಿಗೆ ಹೇಳುತ್ತೇನೆ, ಅದು ಬರೆದುಕೊಳ್ಳುತ್ತದೆ, ತಪ್ಪಿದ್ದಲ್ಲಿ ಮಗಳು ಸಿಂಧು ತಿದ್ದುತ್ತಾಳೆ.

ನಾನು ಮೊಳಕಾಲ್ಮೂರಿನ ನೇಕಾರರ ಮನೆಯವಳು. ಮದುವೆಯಾಗಿ ಬಂದದ್ದೂ ಅದೇ ಊರಿನ ನೇಕಾರರ ಮನೆಗೆ. ಮನೆಯಲ್ಲಿ ಎರಡು ಮಗ್ಗ, ಒಂದರಲ್ಲಿ ನಮ್ಮ ಮನೆಯವರು ನಾಗರಾಜ್, ಇನ್ನೊಂದರಲ್ಲಿ ನಾನು. ಚಿಕ್ಕಂದಿನಿಂದ ನನಗೆ ಸಂಜೆಯ ಮೇಲೆ ಸರಿಯಾಗಿ ಕಾಣುತ್ತಿರಲಿಲ್ಲ. ನಮ್ಮವ್ವ ಅದನ್ನು ಇರುಳುಗಣ್ಣು ಅನ್ನುತ್ತಿದ್ದಳು, ಸೊಪ್ಪು ತಿನ್ನು ಅನ್ನುತ್ತಿದ್ದಳು, ಅಷ್ಟಕ್ಕೆ ಮುಗಿಯುತ್ತಿತ್ತು. ಮೂವತ್ತೈದು ದಾಟಿದ ಮೇಲೆ ಹಗಲಿನಲ್ಲೂ ಪಕ್ಕದವು ಕಾಣದಾದವು. ನೇರವಾಗಿ ಇದ್ದದ್ದು ಕಾಣುತ್ತದೆ, ಮಗ್ಗುಲಲ್ಲಿದ್ದ ಚೊಂಬು ಕಾಲಿಗೆ ತಗಲಿ ಉರುಳಿದಾಗಲೇ ಗೊತ್ತಾಗುತ್ತದೆ. ನಾನು ಯಾರಿಗೂ ಹೇಳಲಿಲ್ಲ. ಎಳೆಯನ್ನು ಬೆರಳಿನಲ್ಲಿ ಎಣಿಸಿಕೊಂಡು, ಲಾಳಿಯ ಸದ್ದು ಕೇಳಿಕೊಂಡು ನೇಯುತ್ತಾ ಹೋದೆ. ಹಿಂಗೇ ಇನ್ನಷ್ಟು ದಿನ ತಳ್ಳಬಹುದು ಅಂದುಕೊಂಡಿದ್ದೆ.

ಆ ವರ್ಷ ಯುಗಾದಿ ಮುಗಿದ ವಾರ, ನಾನು ನೇಯ್ದು ಕೊಟ್ಟ ಸೀರೆ ವಾಪಸ್ಸು ಬಂತು. ನೂಲು ಕೊಟ್ಟು ಸೀರೆ ಮಾಡಿಸುವ ಸಾಹುಕಾರರು ತಾವೇ ಬಂದು ಅದನ್ನು ಜಗಲಿಯ ಮೇಲೆ ಬಿಡಿಸಿ ಇಟ್ಟರು. ಕಪ್ಪು ಒಡಲಿನ ಸೀರೆ. ನಡುವೆ ಒಂದು ಮೊಳದಷ್ಟು ಕಡುನೀಲಿಯಲ್ಲಿ ನೇಯ್ದುಬಿಟ್ಟಿದ್ದೆ. ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ನಮ್ಮ ಮನೆಯವರನ್ನು ಪಕ್ಕಕ್ಕೆ ಕರೆದು, ಆಯಮ್ಮನಿಗೆ ಸ್ವಲ್ಪ ದಿನ ರೆಸ್ಟ್ ಕೊಡಪ್ಪ ಅಂದದ್ದು ನನಗೆ ಕೇಳಿಸಿತು. ಸೀರೆಯನ್ನು ಬಿಸಿಲಿಗೆ ಹಿಡಿದು ಎಷ್ಟು ನೋಡಿದರೂ ನನಗೆ ಎಲ್ಲವೂ ಕಪ್ಪಾಗಿಯೇ ಕಂಡಿತು. ಹೆದರಿಕೆ ಶುರುವಾದದ್ದು ಆವತ್ತಿನಿಂದ.

ಅದಾದ ಮೇಲೆ ಹದಿನೈದು ದಿನವೂ ಕಳೆದಿರಲಿಲ್ಲ. ನಮ್ಮದು ಗುಂಡಿ ಮಗ್ಗ, ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು ಕೂತು ನೇಯುವುದು. ಬಿಸಿಲಿನಲ್ಲಿ ಬಟ್ಟೆ ಒಣಹಾಕಿ ಒಳಗೆ ಬಂದೆ. ಹೊರಗಿನ ಬೆಳಕಿನಿಂದ ಒಳಗೆ ಬಂದರೆ ಆಗಲೇ ನನಗೆ ಸುಮಾರು ಹೊತ್ತು ಏನೂ ಕಾಣುತ್ತಿರಲಿಲ್ಲ. ಹದಿನೆಂಟು ವರ್ಷ ನಾನೇ ಕೂತ ಗುಂಡಿಯೊಳಗೆ ಬಿದ್ದೆ. ಬಲ ಭುಜ ಮರಕ್ಕೆ ಬಡಿಯಿತು. ನಮ್ಮ ಮನೆಯವರು ಓಡಿಬಂದು ಎತ್ತಿದರು. ಆಮೇಲೆ, "ಪದ್ಮ, ನಿನಗೆ ಎಷ್ಟು ದಿನದಿಂದ ಕಾಣ್ತಿಲ್ಲ?" ಅಂತ ಕೇಳಿದರು. ಅತ್ತುಬಿಟ್ಟೆ.

ಬಳ್ಳಾರಿಗೆ ಹೋಗಿ ಕಣ್ಣು ತೋರಿಸಿದೆವು. ಡಾಕ್ಟರು ನಿಧಾನಸ್ಥರು. ಕಣ್ಣಿನ ಹಿಂದಿನ ಪರದೆ ಅಂಚಿನಿಂದ ಒಣಗುತ್ತಾ ಬಂದಿದೆ, ಇದಕ್ಕೆ ಆಪರೇಷನ್ ಇಲ್ಲ, ಔಷಧಿ ಇಲ್ಲ, ಎರಡು ವರ್ಷವೋ ಹತ್ತು ವರ್ಷವೋ ಹೇಳಲಿಕ್ಕೆ ಬರುವುದಿಲ್ಲ ಅಂದರು. ನಿಮ್ಮ ತಂದೆ ತಾಯಿ ಸಂಬಂಧದೊಳಗೇ ಮದುವೆ ಆದವರಾ ಅಂತ ಕೇಳಿದರು. ಹೌದು ಅಂದೆ. ಮಗಳ ಕಣ್ಣನ್ನೂ ಒಮ್ಮೆ ತೋರಿಸಿ ಅಂದರು. ಸಿಂಧು ಆಗ ಏಳನೇ ಕ್ಲಾಸು. ಅವಳನ್ನು ಕರೆದುಕೊಂಡು ಹೋಗಿ ತೋರಿಸಿ, ಏನೂ ಇಲ್ಲ, ವರ್ಷಕ್ಕೊಮ್ಮೆ ಬನ್ನಿ ಅನ್ನಿಸಿಕೊಳ್ಳುವವರೆಗಿನ ಆ ಒಂಬತ್ತು ದಿನ ನಾನು ಏನು ತಿಂದೆ, ಯಾರ ಹತ್ತಿರ ಮಾತಾಡಿದೆ ಒಂದೂ ನೆನಪಿಲ್ಲ. ಬಾಗಿಲ ಬಳಿ ಅವಳು ಚಪ್ಪಲಿ ಹುಡುಕಲು ತಡವರಿಸಿದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಅತ್ತ ಹೋಗುತ್ತಿದ್ದೆ.

ಭುಜದ ನೋವು ಮಾತ್ರ ಹೋಗಲಿಲ್ಲ. ಕೈ ಮೇಲೆತ್ತಿ ತಲೆ ಬಾಚಿಕೊಳ್ಳಲಿಕ್ಕೆ ಆಗುತ್ತಿರಲಿಲ್ಲ. ಕೊಂಡ್ಲಹಳ್ಳಿಯಲ್ಲಿರುವ ನಮ್ಮ ನಾದಿನಿ, ಚಳ್ಳಕೆರೆಯಲ್ಲಿ ಶಾರದಮ್ಮ ಅಂತ ಒಬ್ಬರಿದ್ದಾರೆ, ಒಂದ್ಸಲ ತೋರಿಸು ವದಿನಾ ಅಂದಳು. ನಮ್ಮಲ್ಲಿ ಅರ್ಧ ಮಾತು ತೆಲುಗು, ವದಿನಾ ಅಂದರೆ ಅತ್ತಿಗೆ. ಶಾರದಮ್ಮ ಸರಕಾರಿ ಆಯುರ್ವೇದ ಆಸ್ಪತ್ರೆಯೊಂದರಲ್ಲಿ ಹೆಂಗಸರಿಗೆ ಮಸಾಜು ಮಾಡುವ ಕೆಲಸದಲ್ಲಿದ್ದು ರಿಟೈರ್ ಆದವರು. ಹಳೇ ಊರಿನ ಓಣಿಯಲ್ಲಿ ತಮ್ಮ ಮನೆಯ ಮುಂದಿನ ಎರಡು ಕೋಣೆಯಲ್ಲೇ ಹೆಂಗಸರಿಗೆ ನೋಡುತ್ತಿದ್ದರು. ಆಷಾಢದ ಗಾಳಿ ಮಣ್ಣನ್ನೆಲ್ಲ ಎತ್ತಿ ಕಣ್ಣಿಗೆ ತೂರುತ್ತಿದ್ದ ಒಂದು ಬೆಳಗ್ಗೆ ಅಲ್ಲಿಗೆ ಹೋದೆ.

ಅವರು ಬಿಸಿ ಎಳ್ಳೆಣ್ಣೆಯ ಕೈಯಲ್ಲಿ ಭುಜದ ಸುತ್ತ ಹುಡುಕುತ್ತಾ ಬಂದು ಒಂದು ಕಡೆ ಹೆಬ್ಬೆರಳು ನಿಲ್ಲಿಸಿದರು. ನೋವು ಇಲ್ಲೇ ಇತ್ತೆಂದು ನನಗೇ ಗೊತ್ತಿರಲಿಲ್ಲ. ನಾಲ್ಕನೇ ಸಲ ಹೋದಾಗ ಕೈ ಮೇಲೆ ಹೋಯಿತು. ಅವತ್ತು ಎದ್ದು ಬರುವಾಗ ಅವರು ನನ್ನ ಎರಡೂ ಕೈಯನ್ನು ಹಿಡಿದು ಬೆರಳನ್ನು ಒಂದೊಂದಾಗಿ ಸವರಿ, ಈ ಬೆರಳು ಏನು ಕೆಲಸ ಮಾಡ್ತಿದ್ದವು ಅಂತ ಕೇಳಿದರು. ಮಗ್ಗ ಅಂದೆ. ಈಗ? ಈಗ ಏನೂ ಇಲ್ಲ ಅಂದೆ. ಆಗ ಅವರು ತಮ್ಮ ಹೆಬ್ಬೆರಳನ್ನು ನನ್ನ ಅಂಗೈಯಲ್ಲಿಟ್ಟರು. ಬುಡದಲ್ಲಿ ಗಂಟು ಕಟ್ಟಿ ಊದಿತ್ತು.

"ನಂದು ಇನ್ನೊಂದು ವರ್ಷ ನಡೀಬಹುದು. ಕಲಿಯೋರು ಯಾರೂ ಬರ್ಲಿಲ್ಲ. ನೀ ಕಲೀತೀಯಾ?"

ನನಗೆ ಕಾಣಲ್ಲ ಅಂದೆ. ನಾನು ಕಣ್ಣು ಕೇಳಿದೆನಾ ಅಂದರು.

ಮನೆಯಲ್ಲಿ ಹೇಳಿದಾಗ ನಮ್ಮ ಮನೆಯವರು ಲಾಳಿ ಕೆಳಗಿಟ್ಟರು. ಅವರು ಜೋರು ಮಾಡುವವರಲ್ಲ. "ಮಸಾಜ್ ಅಂದ್ರೆ ಜನ ಏನು ತಿಳ್ಕೊಂತಾರೆ ಗೊತ್ತೈತಾ ನಿನಗೆ?" ಅಂದರು. ಗೊತ್ತಿತ್ತು. ಪೇಪರಿನಲ್ಲಿ ಬರುವ ಮಸಾಜ್ ಪಾರ್ಲರಿನ ಸುದ್ದಿಯನ್ನು ಗಂಡಸರು ಹೋಟೆಲಿನಲ್ಲಿ ಕೂತು ನಗುತ್ತಾ ಓದುವುದು ನಾನೂ ಕೇಳಿದ್ದೇ. ಮೂರನೇ ದಿನ ಶಾರದಮ್ಮನಿಗೆ ಫೋನ್ ಮಾಡಿ ಇದನ್ನೇ ಹೇಳಿದೆ. ನಿನ್ನ ಗಂಡನ್ನ ಕರ್ಕೊಂಡು ಬಾ, ಜಗಲಿ ಮೇಲೆ ಕೂರಲಿ ಅಂದರು. ಇವರು ಒಂದು ಇಡೀ ದಿನ ಆ ಜಗಲಿಯಲ್ಲಿ ಕೂತರು. ಸೊಂಟ ಹಿಡಿದುಕೊಂಡು ಬಂದ ಅಜ್ಜಿ, ಕೂಸು ಎತ್ತಿಕೊಂಡ ಬಾಣಂತಿ, ಪರಶುರಾಂಪುರದ ಕಡೆಯಿಂದ ಈರುಳ್ಳಿ ಕೀಳುವ ಕೂಲಿಗೆ ಬಗ್ಗಿ ಬಗ್ಗಿ ಬೆನ್ನು ಕಳೆದುಕೊಂಡವಳು, ಲಕ್ವ ಹೊಡೆದ ಟೀಚರಮ್ಮ, ಹೀಗೆ ಬಂದವರನ್ನೆಲ್ಲ ನೋಡಿದರು. ಮಾರನೇ ಬೆಳಗ್ಗೆ ನಾನು ಏಳುವಷ್ಟರಲ್ಲಿ ಚಿತ್ರಾನ್ನ ಮಾಡಿ ಡಬ್ಬಿಗೆ ಹಾಕಿ ಮುಚ್ಚಳ ಒತ್ತುತ್ತಿದ್ದರು.

ನನಗೆ ಕೆಲಸಕ್ಕಿಂತ ಹೆಚ್ಚು ಹೆದರಿಕೆ ಇದ್ದದ್ದು ಬಸ್ಸಿನದು. ಮೊಳಕಾಲ್ಮೂರು ಬಿಟ್ಟು ಹಾನಗಲ್, ಬಿ.ಜಿ. ಕೆರೆ, ತಳಕು ದಾಟಿ ಚಳ್ಳಕೆರೆ. ಮೊದಲ ವಾರ ಇವರು ಜೊತೆಗೆ ಬಂದರು, ಆಮೇಲೆ ಮಗ್ಗ ಬಿಟ್ಟು ಬರಲಿಕ್ಕೆ ಆಗಲಿಲ್ಲ. ಬಿಸಿಲಿನಿಂದ ಬಸ್ಸಿನೊಳಗೆ ಹತ್ತಿದರೆ ನನಗೆ ಪೂರ್ತಿ ಕತ್ತಲು. ಯಾವ ಸೀಟು ಖಾಲಿ, ಯಾವುದರಲ್ಲಿ ಗಂಡಸು ಕೂತಿದ್ದಾನೆ ತಿಳಿಯದು. ನೋಡಲಿಕ್ಕೆ ನನ್ನ ಕಣ್ಣು ಎಲ್ಲರ ಹಾಗೇ ಇದೆ, ಕೈಯಲ್ಲಿ ಕೋಲಿಲ್ಲ. ಕೋಲು ಹಿಡಿಯಲು ನಾಚಿಕೆ. ಹಿಂಗಾಗಿ ದಿನಾ ಯಾರದಾದರೂ ಕಾಲು ತುಳಿದು, ಕಣ್ಣು ಕಾಣಲ್ವೇನಮ್ಮ ಅನ್ನಿಸಿಕೊಂಡು, ತುಟಿ ಕಚ್ಚಿಕೊಂಡು ನಿಂತಿರುತ್ತಿದ್ದೆ. ಒಂದು ದಿನ ಹಾನಗಲ್ಲಿನಲ್ಲಿ ಹತ್ತಿದ ಒಬ್ಬ ಹೆಂಗಸು ಅದೇ ಮಾತನ್ನು ಅಂದಳು. ನನ್ನ ಬಾಯಿಂದ ಅದು ಹೇಗೆ ಬಂತೋ, "ಇಲ್ಲಮ್ಮ, ಕಾಣಲ್ಲ" ಅಂದೆ. ಆಮೇಲೆ ಅದೇ ಹೆಂಗಸು ನನ್ನ ಮೊಣಕೈ ಹಿಡಿದು ಕೂರಿಸಿದಳು. ಅವತ್ತು ಸಂಜೆ ನಾನೇ ಔಷಧಿ ಅಂಗಡಿಗೆ ಹೋಗಿ ಮಡಚುವ ಬಿಳಿ ಕೋಲು ತರಿಸಿಕೊಡಿ ಅಂತ ಹೇಳಿ ಬಂದೆ.

ಶಾರದಮ್ಮ ಮೊದಲ ತಿಂಗಳು ನನಗೆ ತಿಕ್ಕಲಿಕ್ಕೇ ಬಿಡಲಿಲ್ಲ. ಸುಮ್ಮನೆ ಮುಟ್ಟಿಕೊಂಡಿರು ಅನ್ನುತ್ತಿದ್ದರು. ತಮ್ಮ ಬೆನ್ನನ್ನೇ ಕೊಟ್ಟು, ಇದು ಮೂಳೆ, ಇದು ಮಾಂಸ, ಇಲ್ಲಿ ಬಿಗಿ ಐತೆ, ಇಲ್ಲಿ ಸಡಿಲ ಐತೆ, ಹೇಳು ನೋಡೋಣ ಅನ್ನುತ್ತಿದ್ದರು. ತಪ್ಪಾದರೆ ಮತ್ತೆ ಮೊದಲಿಂದ. ಹೇಗೆ ಒತ್ತಬೇಕು ಎನ್ನುವುದಕ್ಕಿಂತ ಎಲ್ಲಿ ಒತ್ತಬಾರದು ಎನ್ನುವುದನ್ನೇ ಹೆಚ್ಚು ಹೇಳಿಕೊಟ್ಟರು. ಜ್ವರವಿದ್ದಾಗ ಮುಟ್ಟಬೇಡ. ಗೊತ್ತಿಲ್ಲದ ಗಡ್ಡೆ ಸಿಕ್ಕಿದರೆ ಕೈ ತೆಗೆ. ಎರಡರಲ್ಲಿ ಒಂದೇ ಕಾಲು ಊದಿ ಬಿಸಿಯಾಗಿದ್ದರೆ ಅದನ್ನು ತಿಕ್ಕಲೇಬೇಡ, ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ತಿಕ್ಕಿದರೆ ಅದು ಹರಿದು ಹೋಗಿ ಶ್ವಾಸಕೋಶಕ್ಕೆ ಸಿಕ್ಕಿಕೊಂಡೀತು ಅಂದರು. ಕೋಣೆಯ ಮಬ್ಬು ಬೆಳಕಿನಲ್ಲಿ ನನಗೆ ಟೇಪಿನ ಅಂಕಿ ಕಾಣದು. ಅದಕ್ಕೆ ನೂಲಿನ ಒಂದು ತುಂಡಿಗೆ ಬೆರಳಗಲಕ್ಕೊಂದು ಗಂಟು ಹಾಕಿಕೊಂಡು, ಬಂದವರ ಎರಡೂ ಮೀನಖಂಡಕ್ಕೆ ಸುತ್ತಿ ಅಳೆಯುವುದನ್ನು ಅಭ್ಯಾಸ ಮಾಡಿಕೊಂಡೆ.

ದಸರಾ ಹೊತ್ತಿಗೆ ನನಗೇ ಅಂತ ಕೇಳಿಕೊಂಡು ಬರುವವರು ನಾಲ್ಕೈದು ಜನವಾದರು. ಲಕ್ವದ ಟೀಚರಮ್ಮ ಮೊದಲ ದಿನ ನನ್ನ ಮುಂದೆ, ನಿನಗೆ ಕಾಣಲ್ಲ ಅಲ್ವಾ, ಹಂಗಾದ್ರೆ ಸರಿ ಅಂದು ನಿಶ್ಚಿಂತೆಯಿಂದ ಕುಪ್ಪಸ ಬಿಚ್ಚಿದರು. ಆ ಮಾತು ಚುಚ್ಚಿತು. ಆಮೇಲೆ ಅವರ ಎದೆಯ ಮೇಲಿನ ಹಳೇ ಆಪರೇಷನ್ನಿನ ಗೀರು ಕೈಗೆ ಸಿಕ್ಕಿತು. ಅವರು ಗಂಡನಿಗೂ ಅದನ್ನು ತೋರಿಸುತ್ತಿರಲಿಲ್ಲವಂತೆ. ಆಮೇಲಾಮೇಲೆ ಆ ಮಾತು ಬೇರೆಯವರೂ ಅಂದರು. ನನಗೆ ಬೇಜಾರಾಗುವುದು ನಿಂತುಹೋಯಿತು.

ಕಾರ್ತಿಕ ಮಾಸ. ಮಿಲ್ಲುಗಳು ಓಡುತ್ತಿದ್ದವು, ಓಣಿಯೊಳಗೆಲ್ಲ ಎಣ್ಣೆಯ ವಾಸನೆ. ಶಾರದಮ್ಮ ತಂಗಿಯ ಮಗಳ ಮದುವೆಗೆ ಹಿರಿಯೂರಿಗೆ ಹೋಗಿದ್ದರು. ಒಬ್ಬಳೇ ಇದ್ದ ಮೊದಲ ದಿನ ಅದು. ಹನ್ನೊಂದು ಗಂಟೆಯ ಸುಮಾರಿಗೆ ಇಮ್ತಿಯಾಜ್ ಎಂಬ ಲಾರಿ ಮೆಕ್ಯಾನಿಕ್ ತನ್ನ ತಾಯಿ ಜುಲೇಖಾಬಿಯನ್ನು ಆಟೋದಲ್ಲಿ ಕರೆತಂದ. ಅವರು ಬಚ್ಚಲಲ್ಲಿ ಬಿದ್ದು ಎಡಗಾಲು ಮುರಿದಿತ್ತು, ಒಂದೂವರೆ ತಿಂಗಳು ಪ್ಲಾಸ್ಟರಿನಲ್ಲಿದ್ದು, ಬಿಚ್ಚಿ ಒಂದು ವಾರವಾಗಿತ್ತು. ಕಾಲು ಮರಗಟ್ಟಿದೆ, ಚೆನ್ನಾಗಿ ತಿಕ್ಕಿಕೊಡಿ ಅಕ್ಕ ಅಂತ ಹೇಳಿ ಅವನು ಜಗಲಿಯಲ್ಲಿ ಕೂತ.

ಬಲಗಾಲು ಮೊದಲು ಮುಟ್ಟಿದೆ. ವಯಸ್ಸಾದವರ ಸಡಿಲ ಮಾಂಸ, ತಣ್ಣಗೆ. ಎಡಗಾಲಿಗೆ ಕೈ ಇಟ್ಟೆ. ಮೀನಖಂಡ ಗಟ್ಟಿಯಾಗಿತ್ತು, ಬಿಸಿಯಾಗಿತ್ತು. ಸ್ವಲ್ಪ ಒತ್ತಿದ್ದಕ್ಕೆ ಆಯಮ್ಮ ಉಸಿರು ಹಿಡಿದರು. ನೂಲು ಸುತ್ತಿದೆ. ಎರಡು ಕಾಲಿಗೂ ಎರಡು ಗಂಟಿನಷ್ಟು ವ್ಯತ್ಯಾಸ. ಮುರಿದ ಕಾಲು ಊದಿರುವುದು ಸಹಜವೇ, ನನಗೂ ಗೊತ್ತು. ಇನ್ನೊಮ್ಮೆ ಅಳೆದೆ. ಶಾರದಮ್ಮನಿಗೆ ಫೋನ್ ಮಾಡಿದೆ, ಮದುವೆಮನೆಯ ಗದ್ದಲದಲ್ಲಿ ಎತ್ತಲಿಲ್ಲ. ಮತ್ತೆ ಮಾಡಿದೆ. ಎಣ್ಣೆ ಬಟ್ಟಲು ಪಕ್ಕದಲ್ಲಿ ಬಿಸಿಯಾಗಿತ್ತು. ಕೈಗೆ ಹಚ್ಚಿಕೊಂಡು ಮೇಲೆ ಮೇಲೆ ಸವರಿ ಕಳಿಸಿಬಿಟ್ಟರೆ ಯಾರಿಗೂ ತಿಳಿಯದು ಅಂತ ಒಂದು ಕ್ಷಣ ಅನ್ನಿಸಿತು. ಅದನ್ನು ಮುಚ್ಚಿಡುವುದಿಲ್ಲ.

ಜಗಲಿಗೆ ಬಂದು ಇಮ್ತಿಯಾಜನಿಗೆ ಹೇಳಿದೆ. ಈ ಕಾಲನ್ನು ನಾನು ಮುಟ್ಟುವುದಿಲ್ಲ, ರಕ್ತ ಹೆಪ್ಪುಗಟ್ಟಿದೆಯೇನೋ ಅಂತ ಅನುಮಾನ, ಇವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ ಸ್ಕ್ಯಾನ್ ಮಾಡಿಸಿ ಅಂದೆ. ಅವನಿಗೆ ಸಿಟ್ಟು ಬಂತು. ಡಾಕ್ಟರೇ ಪ್ಲಾಸ್ಟರ್ ಬಿಚ್ಚಿ ಮನೆಗೆ ಕಳಿಸಿದ್ದಾರೆ, ಒಂದು ದಿನದ ಕೆಲಸ ಬಿಟ್ಟು ಬಂದಿದ್ದೇನೆ ಅಂದ. ನಾನು ಮತ್ತೆ ಅದನ್ನೇ ಹೇಳಿದೆ. ಆಗ ಅವನು, "ಕಾಣದೋರು ನೀವು. ನಿಮಗೇನು ಗೊತ್ತಾಗ್ತದೆ ಅಕ್ಕ?" ಅಂದ. ಬೈಗುಳದ ಹಾಗೆ ಹೇಳಲಿಲ್ಲ, ನಿಜವಾಗಿ ಕೇಳಿದ ಹಾಗೆ ಹೇಳಿದ. ಆಟೋ ಹೋದ ಸದ್ದು ಓಣಿಯ ತಿರುವಿನಲ್ಲಿ ಮುಗಿಯುವವರೆಗೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ.

ಮಾರನೇ ದಿನ ಶಾರದಮ್ಮ ಬಂದರು. ಬಿಸಿ ಇತ್ತಾ, ಒತ್ತಿದರೆ ನೋವಿತ್ತಾ, ಎಷ್ಟು ಗಂಟು ಅಂತ ಕೇಳಿದರು. ನಾನು ತಪ್ಪು ಮಾಡಿದೆನಾ ಅಂದೆ.

"ತಪ್ಪಾಗಿದ್ರೆ ಊರೆಲ್ಲಾ ಬಂದು ಹೇಳ್ತಾರೆ ಪದ್ಮ. ಸರಿಯಾಗಿದ್ರೆ ಒಬ್ಬರೂ ಬಂದು ಹೇಳಲ್ಲ. ಈ ಕೆಲಸದಾಗೆ ಅದನ್ನ ಅಭ್ಯಾಸ ಮಾಡ್ಕೋಬೇಕು."

ನನಗೆ ಅದು ಅಭ್ಯಾಸವಾಗಲಿಲ್ಲ. ಆ ವಾರ ಇಬ್ಬರು ಬರುವುದನ್ನು ಬಿಟ್ಟರು. ಕಣ್ಣಿಲ್ಲದಾಕೆ ಪೇಷೆಂಟನ್ನು ವಾಪಸ್ಸು ಕಳಿಸಿದಳಂತೆ, ಅವಳಿಗೇ ಧೈರ್ಯ ಇಲ್ಲವಂತೆ ಅಂತ ಮಾತು ಮಾರ್ಕೆಟ್ಟಿನವರೆಗೂ ಹೋಗಿತ್ತು. ನಾನು ಇಮ್ತಿಯಾಜನ ಗ್ಯಾರೇಜು ಎಲ್ಲಿದೆ ಅಂತ ವಿಚಾರಿಸಿದ್ದೆ. ಹೋಗಿ ಕೇಳಬೇಕು ಅಂತ ಎರಡು ಸಲ ಆ ದಾರಿ ಹಿಡಿದು ಅರ್ಧಕ್ಕೆ ತಿರುಗಿ ಬಂದೆ. ಏನಂತ ಕೇಳುವುದು? ನಿಮ್ಮ ತಾಯಿ ಬದುಕಿದ್ದಾರಾ ಅಂತಲೇ? ಬೇರೆಯವರು ತಿಕ್ಕಿಬಿಟ್ಟಿದ್ದರೆ? ಇಲ್ಲಾ, ಏನೂ ಆಗಿರದೇ ಬರೀ ನನ್ನ ಪುಕ್ಕಲುತನದಿಂದ ಆಯಮ್ಮನ ಕಾಲು ಹಾಗೇ ಮರಗಟ್ಟಿ ಹೋಗಿದ್ದರೆ? ಮನೆಯಲ್ಲಿ ಊಟಕ್ಕೆ ಕೂತರೆ ಕೈಗೆ ಆ ಬಿಸಿ ನೆನಪಾಗುತ್ತಿತ್ತು. ನಮ್ಮ ಮನೆಯವರು ಒಂದು ದಿನ, ಬೇಡ ಅಂದ್ರೆ ಬಿಟ್ಟುಬಿಡು, ಹೆಂಗೋ ನಡೀತೈತೆ ಅಂದರು. ಬಿಟ್ಟುಬಿಡುವುದು ಎಷ್ಟು ಸುಲಭವಿತ್ತು. ಆದರೂ ಬೆಳಗ್ಗೆ ಡಬ್ಬಿ ಹಿಡಿದು ಬಸ್ಸಿಗೆ ಹೋಗುತ್ತಿದ್ದೆ. ಕೆಲಸ ಮಾಡುವಾಗ ಕೈ ಮೊದಲಿನಂತೆ ಧೈರ್ಯವಾಗಿ ಇಳಿಯುತ್ತಿರಲಿಲ್ಲ. ಒಂದೊಂದು ಕಾಲನ್ನೂ ಮೂರು ಮೂರು ಸಲ ಅಳೆಯುತ್ತಿದ್ದೆ.

ಸಂಕ್ರಾಂತಿ ಹೋಯಿತು. ಮಿಲ್ಲುಗಳ ಸದ್ದು ಕಮ್ಮಿಯಾಯಿತು. ಶಿವರಾತ್ರಿಗೆ ಇನ್ನೇನು ಎರಡು ವಾರವಿದೆ ಅನ್ನುವಾಗ, ಒಂದು ಮಂಗಳವಾರ ಮಧ್ಯಾಹ್ನ ಓಣಿಯಲ್ಲಿ ಆಟೋ ನಿಂತಿತು. ಯಾರೋ ಕೋಲೂರಿ ನಿಧಾನವಾಗಿ ಮೆಟ್ಟಿಲು ಹತ್ತಿದರು. ಒಳಗೆ ಬಂದು ಬೆಂಚಿನ ಮೇಲೆ ಕೂತು, ನಾನು ಜುಲೇಖಾಬಿ, ನೆನಪೈತಾ ಬೇಟಿ ಅಂದರು.

ಅವರೇ ಹೇಳಿದರು. ಅವತ್ತು ಮಗ ಸಿಟ್ಟಿನಿಂದ ಮನೆಗೆ ಕರೆದುಕೊಂಡು ಹೋದ. ಮನೆಯಲ್ಲಿ ಸೊಸೆ ಎಣ್ಣೆ ಬಿಸಿ ಮಾಡಿ ತಿಕ್ಕಲಿಕ್ಕೆ ಬಂದಳು. ಇವರು ಕಾಲು ಎಳೆದುಕೊಂಡರಂತೆ. ದಿನಾ ಇದೇ ಕೆಲಸ ಮಾಡುವವಳೇ ಮುಟ್ಟಲು ಹೆದರಿದ ಮೇಲೆ ಏನೋ ಇದ್ದೇ ಇದೆ, ನೀನು ಮುಟ್ಟಬೇಡ ಅಂದರಂತೆ. ಮಾರನೇ ಬೆಳಗ್ಗೆ ಹಟ ಹಿಡಿದು ಆಸ್ಪತ್ರೆಗೆ ಹೋದರು. ತೊಡೆಯವರೆಗೂ ರಕ್ತ ಹೆಪ್ಪುಗಟ್ಟಿತ್ತು. ಹತ್ತು ದಿನ ಅಲ್ಲೇ ಇಟ್ಟುಕೊಂಡು ಇಂಜೆಕ್ಷನ್ ಕೊಟ್ಟರು, ಗುಳಿಗೆ ಇನ್ನೂ ನಡೆಯುತ್ತಿದೆ. ಯಾರಾದ್ರೂ ಇದನ್ನ ತಿಕ್ಕಿದ್ರಾ, ಡಾಕ್ಟರು ಮೊದಲು ಕೇಳಿದ್ದು ಅದನ್ನೇ ಅಂತೆ. ಇಲ್ಲ ಅಂದಾಗ, ನಿಮ್ಮ ಅದೃಷ್ಟ ಅಂದರಂತೆ. ಇಮ್ತಿಯಾಜ್ ಯಾಕೆ ಬರಲಿಲ್ಲ ಅಂತ ನಾನು ಕೇಳಲಿಲ್ಲ. ಅವರೇ, ಅವನು ಆಟೋದಾಗೆ ಕೂತಾನೆ, ಒಳಗೆ ಬರಾಕೆ ನಾಚಿಕೆ ಅವನಿಗೆ ಅಂದರು.

ನಾನು ಒಳಗೆ ಹೋಗಿ ನೀರಿನ ನಲ್ಲಿ ಬಿಟ್ಟುಕೊಂಡು ನಿಂತೆ. ಎಷ್ಟು ಹೊತ್ತು ನಿಂತಿದ್ದೆನೋ. ಶಾರದಮ್ಮ ಬಂದು ನಲ್ಲಿ ನಿಲ್ಲಿಸಿದರು. ನನ್ನ ಬೆನ್ನ ಮೇಲೆ ಒಂದು ಸಲ ಕೈಯಿಟ್ಟರು.

ಜುಲೇಖಾಬಿ ಬಂದದ್ದು ಸುದ್ದಿ ಹೇಳಲಿಕ್ಕೆ ಮಾತ್ರ ಅಲ್ಲ. ಈಗ ತಿಕ್ಕಬಹುದು ಅಂತ ಡಾಕ್ಟರು ಬರೆದುಕೊಟ್ಟ ಚೀಟಿ ತಂದಿದ್ದರು. ಶಾರದಮ್ಮ ಅದನ್ನು ಎರಡು ಸಲ ಓದಿ ಹೇಳಿದರು. ನಾನು ನೂಲು ತೆಗೆದು ಎರಡೂ ಕಾಲು ಅಳೆದೆ, ಒಂದೇ ಗಂಟಿಗೆ ಬಂದವು. ಮತ್ತೆ ಅಳೆದೆ. ಎಣ್ಣೆ ಹಚ್ಚಿಕೊಂಡು ಪಾದದಿಂದ ಶುರು ಮಾಡಿದೆ. ಮೀನಖಂಡಕ್ಕೆ ಬಂದಾಗ ಕೈ ನಿಂತಿತು.

"ನಿನ್ನ ಕೈ ನಡುಗ್ತೈತೆ ಬೇಟಿ" ಅಂದರು.

"ಹೆದರಿಕೆ ಖಾಲಾ" ಅಂದೆ.

"ಇರಲಿ. ನಾನು ಅದಕ್ಕೇ ನಿನ್ನ ಹತ್ರ ಬಂದಿದ್ದು."

ಅವರು ಕಣ್ಣು ಮುಚ್ಚಿಕೊಂಡರೋ ತೆರೆದಿದ್ದರೋ ನನಗೆ ತಿಳಿಯದು. ಆದರೆ ಕಾಲು ಸಡಿಲವಾಯಿತು, ಅದು ಕೈಗೆ ತಿಳಿಯಿತು. ಹೊರಗೆ ಆಟೋದವನು ಒಂದು ಸಲ ಹಾರ್ನ್ ಹೊಡೆದ, ಆಮೇಲೆ ಸುಮ್ಮನಾದ. ಅರ್ಧ ಗಂಟೆ ಮಾಡಿದೆ. ಎದ್ದು ಕೂತು ಸೆರಗು ಸರಿಮಾಡಿಕೊಂಡು, ಮುಂದಿನ ಮಂಗಳವಾರ ಬರ್ತೀನಿ ಅಂದರು.

ಬಂದರು.